ಚೀಲ ಇಲ್ಲಿಡಿ, ನೀವು ಒಳಗೆ ಹೋಗಿ ಬನ್ನಿ

ಬೆಳಕು ಇನ್ನೂ ಪೂರ್ತಿ ಬೀದಿಗೆ ಇಳಿದಿಲ್ಲ. ದೀಪದ ಕಂಬಗಳು ಆರೋಣವೋ ಬೇಡವೋ ಎಂಬ ಅನುಮಾನದಲ್ಲಿ ನಿಂತಿವೆ. ವೀಸಾ ಕಚೇರಿಯ ಎತ್ತರದ ಗೋಡೆಯುದ್ದಕ್ಕೂ ಆಗಲೇ ಸಾಲು ಬೆಳೆದಿದೆ. ಇಸ್ತ್ರಿ ಮಾಡಿದ ಅಂಗಿ, ಕಾಲು ಕಚ್ಚುವ ಹೊಸ ಬೂಟು, ಎದೆಗೆ ಅವಚಿಕೊಂಡ ಪ್ಲಾಸ್ಟಿಕ್ ಫೈಲು. ಯಾರೂ ಜೋರಾಗಿ ಮಾತಾಡುವುದಿಲ್ಲ. ಪರೀಕ್ಷೆಯ ಕೋಣೆಯ ಹೊರಗೆ ಕೇಳಿಸುವಂಥ ಪಿಸುಮಾತು ಮಾತ್ರ ಮಂಜಿನ ಜತೆ ಕಲೆತು ರಸ್ತೆಯ ಮೇಲೆ ತೇಲುತ್ತಿದೆ.

ರಸ್ತೆಯ ಈ ಬದಿ, ಬಾಗಿಲು ಮುಚ್ಚಿ ವರ್ಷಗಳಾದ ಕನ್ನಡಕದ ಅಂಗಡಿಯೊಂದರ ಜಗಲಿ. ಅಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಗಾಜಿನ ಭರಣಿಯೊಂದರ ಮುಚ್ಚಳ ತಿರುಗಿಸುತ್ತಿದ್ದಾರೆ. ಭರಣಿಯ ತುಂಬ ಗುಂಡಿಗಳು. ಅಂಗಿಗೆ ಹಚ್ಚುವ ಹಾಲುಬಿಳುಪಿನವು, ಕೋಟಿಗೆ ಹಚ್ಚುವ ದಪ್ಪನೆಯವು, ಮಕ್ಕಳ ಬಟ್ಟೆಗೆಂದೇ ಮಾಡಿದ ಹೂವಿನಾಕಾರದವು.

ಬೆನ್ನಿಗೆ ಭಾರದ ಚೀಲ ಹೊತ್ತ ಯುವಕನೊಬ್ಬ ರಸ್ತೆ ದಾಟಿ ಬರುತ್ತಾನೆ.

"ಒಳಗೆ ಲ್ಯಾಪ್‌ಟಾಪ್ ಇದೆ. ಸ್ವಲ್ಪ ಹುಷಾರು."

"ಇಲ್ಲಿರೋದೆಲ್ಲ ಹುಷಾರಾಗಿ ನೋಡ್ಕೋಬೇಕಾದ್ದೇ ಕಣಪ್ಪ. ಇಳಿಸು."

ಸೂಜಿಗೆ ದಾರ ಆಗಲೇ ಪೋಣಿಸಿಯಾಗಿದೆ. ಚೀಲದ ಪಟ್ಟಿಗೆ ಒಂದು ನೀಲಿ ಗುಂಡಿ ಎರಡೇ ಹೊಲಿಗೆಗೆ ಕಚ್ಚಿಕೊಳ್ಳುತ್ತದೆ. ಅದರ ಜೋಡಿ ಗುಂಡಿ ಯುವಕನ ಅಂಗೈಗೆ.

"ಇದನ್ನ ತಂದ್ರೆ ಚೀಲ ಕೊಡ್ತೀನಿ. ಜೇಬಲ್ಲಿ ಇಟ್ಕೋ, ಬಾಯಲ್ಲಿ ಇಟ್ಕೋಬೇಡ. ಹಿಂದೊಬ್ಬರು ಗಾಬರೀಲಿ ನುಂಗಿಬಿಟ್ಟಿದ್ರು."

ಯುವಕ ನಗುತ್ತಾನೆ. ನುಂಗಿದ ಕತೆ ನಿಜವೋ ಸುಳ್ಳೋ ಹೇಳುವುದು ಕಷ್ಟ. ಒಳಗೆ ಹೋಗುವ ಮುಂಚೆ ಒಂದು ಸಲ ನಕ್ಕು ಹೋಗಲಿ ಎಂದು ಕಟ್ಟಿದ್ದೂ ಇರಬಹುದು. ಸಾಲಿನಲ್ಲಿರುವವರೆಲ್ಲ ಅವರನ್ನು ಕರೆಯುವುದು ಗುಂಡಿ ಅಕ್ಕ ಎಂದು. "ಹಳ್ಳ ಗುಂಡಿ ಅನ್ಕೊಂಡು ಕೆಲವರು ದೂರದಿಂದಲೇ ನೆಲ ನೋಡ್ಕೊಂಡು ಬರ್ತಾರೆ," ಎನ್ನುತ್ತ ಅಕ್ಕ ತಾವೇ ನಗುತ್ತಾರೆ.

ಎದುರಿನ ಕಚೇರಿಯ ನಿಯಮ ಸರಳ. ಫೈಲು ಬಿಟ್ಟು ಬೇರೇನನ್ನೂ ಒಳಗೆ ಒಯ್ಯುವಂತಿಲ್ಲ. ಚೀಲ, ಫೋನು, ಕೊಡೆ, ಹೆಲ್ಮೆಟ್, ನೀರಿನ ಬಾಟಲಿ ಯಾವುದೂ ಬೇಡ. ಆದರೆ ಅವನ್ನೆಲ್ಲ ಎಲ್ಲಿಡಬೇಕು ಎಂದು ಮಾತ್ರ ನಿಯಮ ಹೇಳುವುದಿಲ್ಲ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬೇರೆ ಊರಿನಿಂದ ಬಂದವರ ಕೈಯಲ್ಲಿ ಚೀಲವಿಲ್ಲದೆ ಮತ್ತೇನಿರುತ್ತದೆ? ಗೇಟಿನ ಸೆಕ್ಯುರಿಟಿಯವನು ಇಲ್ಲವೆಂದು ತಲೆಯಾಡಿಸುತ್ತಾನೆ, ಆಮೇಲೆ ಗದ್ದದಿಂದಲೇ ರಸ್ತೆಯ ಈಚೆಗೆ ತೋರಿಸುತ್ತಾನೆ. ಸೂರ್ಯ ಗೋಡೆಯ ಮೇಲೆ ಹತ್ತುವಷ್ಟರಲ್ಲಿ ಜಗಲಿಯ ಮೂರೂ ಗೋಡೆಗಳಿಗೆ ಜೋಡಿಸಿದ ಮರದ ಗೂಡುಗಳು ತುಂಬಿಹೋಗುತ್ತವೆ. ದಿನಕ್ಕೆ ನೂರರ ಆಸುಪಾಸು ಚೀಲ. ರಜೆಯ ಕಾಲದಲ್ಲಿ ಇನ್ನೂ ಹೆಚ್ಚು.

ಗೋಡೆಗೆ ಒಂದು ದಪ್ಪ ಬಟ್ಟೆ ನೇತುಬಿದ್ದಿದೆ. ಅದರ ತುಂಬ ಅಕ್ಕ ಹೊಲಿದ ಪುಟ್ಟ ಪುಟ್ಟ ಜೇಬುಗಳು, ಜೇಬಿಗೊಂದು ಫೋನು. ಮಬ್ಬು ಬೆಳಕಿನಲ್ಲಿ ಒಂದೊಂದಾಗಿ ಬೆಳಗುತ್ತವೆ, ನಡುಗುತ್ತವೆ, ಮತ್ತೆ ಆರುತ್ತವೆ. ದೂರದ ಕಟ್ಟಡವೊಂದರ ಕಿಟಕಿಗಳಲ್ಲಿ ಯಾರೋ ದೀಪ ಹಚ್ಚಿ ಆರಿಸುತ್ತಿರುವ ಹಾಗೆ ಕಾಣುತ್ತದೆ. "ಅಮ್ಮ ಅಂತ ಬರುತ್ತೆ, ಮನೆ ಅಂತ ಬರುತ್ತೆ. ಏನಾಯ್ತು ಅಂತ ಕೇಳೋಕೆ ಮಾಡ್ತಾರೆ ಪಾಪ. ನಾನು ಎತ್ತಲ್ಲ. ಎತ್ತಿದ್ರೂ ಏನು ಹೇಳಲಿ?"

ಒಮ್ಮೆ ಪಿಟೀಲು ನುಡಿಸುವ ಹುಡುಗಿಯೊಬ್ಬಳು ಬಂದಿದ್ದಳಂತೆ. ಪೆಟ್ಟಿಗೆಯನ್ನು ಮುಂದೆ ಚಾಚಿ, "ನೆಲದ ಮೇಲೆ ಮಾತ್ರ ಇಡಬೇಡಿ" ಎಂದಿದ್ದಳು. ಗೂಡಿಗೆ ಹಿಡಿಸಲಿಲ್ಲ. ಅವಳು ಬರುವವರೆಗೂ ಅಕ್ಕ ಅದನ್ನು ಮಡಿಲಲ್ಲೇ ಮಲಗಿಸಿಕೊಂಡು ಕೂತರು. "ಲಾರಿ ಹೋದಾಗಲೆಲ್ಲ ಒಳಗಿನ ತಂತಿ ಸಣ್ಣಗೆ ಗುಂಯ್ ಅನ್ನೋದು. ಮಗು ನಿದ್ದೇಲಿ ಮುಲುಗಿದ ಹಾಗೆ," ಎಂದು ಹೇಳುವಾಗ ಅಕ್ಕನ ಕೈ ತಾನಾಗಿ ಗಾಳಿಯನ್ನು ತಟ್ಟುತ್ತದೆ.

ಬೇರೆಯವರ ಚೀಲ ಕಾಯುವ ಕೆಲಸಕ್ಕೆ ಅಕ್ಕ ಬಂದದ್ದು ತಮ್ಮದೇ ಚೀಲದಿಂದ.

ಅವರಿಗೆ ಒಬ್ಬಳೇ ತಂಗಿ, ವಯಸ್ಸಿನಲ್ಲಿ ತುಂಬ ಚಿಕ್ಕವಳು. ತಾಯಿ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಕ್ಕ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಸಾಲಿನಲ್ಲಿ ಕೂತು ಅವಳನ್ನು ಓದಿಸಿದರು. ತಂಗಿ ದೂರದೇಶದ ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸ ಹಿಡಿದು ಹೊರಟುಹೋದಳು. ಮದುವೆಯ ಮಾತೆತ್ತಿದರೆ ಸಾಕು, ಫೋನಿನಲ್ಲಿ ಗೊರಕೆ ಹೊಡೆದು ತೋರಿಸುತ್ತಿದ್ದವಳು ನಲವತ್ತರ ಅಂಚಿನಲ್ಲಿ ಒಂದು ದಿನ, "ಅಕ್ಕ, ಒಬ್ಬ ಸಿಕ್ಕಿದ್ದಾನೆ. ಬ್ರೆಡ್ಡಿನ ವ್ಯಾನ್ ಓಡಿಸ್ತಾನೆ. ಮೈಯೆಲ್ಲ ಬ್ರೆಡ್ಡಿನ ವಾಸನೆ. ನೀನು ಬಂದ್ರೆ ಮಾತ್ರ ಮದುವೆ," ಎಂದಳು.

ಅದೇ ವರ್ಷ ಕಾರ್ಖಾನೆ ಮುಚ್ಚಿತ್ತು. ಕೊನೆಯ ದಿನ ಗುಡಿಸಿ ಎಸೆಯಲಿದ್ದ ಗುಂಡಿಗಳ ಒಂದು ಮೂಟೆಯನ್ನು ಅಕ್ಕ ಮನೆಗೆ ಹೊತ್ತು ತಂದಿದ್ದರು. ಯಾಕೆ ತಂದೆ ಎಂದು ಅವರಿಗೇ ಗೊತ್ತಿರಲಿಲ್ಲ. ಮರಗೆಲಸ ಮಾಡುವ ಗಂಡ ಅದರ ಮೇಲೆ ಎಡವಿ ಬಿದ್ದು ಒಂದು ವಾರ ಮಾತು ಬಿಟ್ಟಿದ್ದರಂತೆ.

ವೀಸಾ ಕಚೇರಿಯಲ್ಲಿ ಅಕ್ಕನಿಗೆ ದಿನ ಸಿಕ್ಕಿತು, ಹೊತ್ತೂ ಸಿಕ್ಕಿತು. ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಬಂದರು. ಗೇಟಿನಲ್ಲಿ ತಡೆದರು. ಚೀಲ ಇಡಲು ಅಕ್ಕಪಕ್ಕದ ಅಂಗಡಿಗಳನ್ನೆಲ್ಲ ಕೇಳಿದರು. ಔಷಧಿ ಅಂಗಡಿಯವನು ಆಗಲ್ಲ ಎಂದ. ಜೆರಾಕ್ಸ್ ಅಂಗಡಿಯವನು, ಒಳಗೆ ಏನಿದೆಯೋ ಏನೋ ಎಂದ. ಬಸ್ ನಿಲ್ದಾಣದವರೆಗೂ ಓಡಿ, ಅಲ್ಲೂ ಆಗದೆ, ಕೊನೆಗೆ ಚೀಲವನ್ನು ರಸ್ತೆ ಬದಿಯ ಮರವೊಂದರ ಬುಡದಲ್ಲೇ ಬಿಟ್ಟು ಗೇಟಿಗೆ ಬಂದಾಗ ಅವರ ಹೊತ್ತು ಮುಗಿದಿತ್ತು. ಮುಂದಿನ ದಿನಾಂಕ ಸಿಕ್ಕಿದ್ದು ಮದುವೆ ಮುಗಿದ ಮೇಲಿನದು.

"ಅಲ್ಲೇ ಈ ಜಗಲಿ ಮೇಲೆ ಬಂದು ಕುಸಿದು ಕೂತೆ," ಎನ್ನುತ್ತಾರೆ ಅಕ್ಕ. "ಅಳು ಬರಲಿಲ್ಲ. ಕಾಲು ನೋಯ್ತಿತ್ತು ಅಷ್ಟೆ. ಆಗ ಒಬ್ಬಳು ಹುಡುಗಿ ಬಂದ್ಲು, ಕಂಕುಳಲ್ಲಿ ಚೀಲ, ಕೈಯಲ್ಲಿ ಫೋನು. ನನ್ನ ಹಾಗೇ ಆ ಕಡೆ ಓಡ್ತಾಳೆ, ಈ ಕಡೆ ಓಡ್ತಾಳೆ. ನಾನೇ ಕರೆದೆ. ಚೀಲ ಇಲ್ಲಿಡಮ್ಮ, ನೀನು ಒಳಗೆ ಹೋಗಿ ಬಾ, ನನ್ನ ಹೊತ್ತು ಹೇಗೂ ಹೋಯ್ತು ಅಂದೆ."

ಹುಡುಗಿ ಒಂದು ಗಳಿಗೆ ಅವರ ಮುಖ ನೋಡಿದಳು. ಚೀಲ ಇಟ್ಟು ಓಡಿದಳು. ಮಾರನೆಯ ದಿನ ಅಕ್ಕ ಮತ್ತೆ ಬಂದು ಕೂತರು, ಗುಂಡಿಯ ಮೂಟೆಯಿಂದ ಒಂದು ಹಿಡಿ ತಂದಿದ್ದರು. ಯಾರೂ ಬಾ ಎಂದು ಕರೆದಿರಲಿಲ್ಲ. ಅಂಗಡಿಯ ಮಾಲೀಕ ಒಂದು ದಿನ ಬಂದು, ಸುತ್ತಲೂ ನೋಡಿ, ಜಗಲಿ ಇಷ್ಟು ಚೊಕ್ಕವಾಗಿ ಯಾವತ್ತೂ ಇರಲಿಲ್ಲ ಎಂದಷ್ಟೇ ಹೇಳಿ ಹೋದರಂತೆ. ಗಂಡ ಹಳೆಯ ಹಲಗೆಗಳನ್ನು ತಂದು ಗೂಡು ಹೊಡೆದುಕೊಟ್ಟರು. ಒಬ್ಬೊಬ್ಬರು ಕೈಗೆ ಬಂದಷ್ಟು ಕೊಟ್ಟು ಹೋಗುತ್ತಾರೆ, ಕೆಲವರು ಸಂತೋಷದಲ್ಲಿ ಮರೆತೇಬಿಡುತ್ತಾರೆ, ಇನ್ನು ಕೆಲವರು ದುಃಖದಲ್ಲಿ.

ನನಗಾಗಿ ನಿಲ್ಲಿಸಬೇಡ ಎಂದು ತಾವೇ ಒಪ್ಪಿಸಿ, ತಂಗಿಯ ಮದುವೆಯನ್ನು ಅಕ್ಕ ನೋಡಿದ್ದು ಇದೇ ಜಗಲಿಯಲ್ಲಿ, ಫೋನಿನಲ್ಲಿ. ಸಾಲಿನಲ್ಲಿ ನಿಂತಿದ್ದವರು ಏನದು ಎಂದು ಇಣುಕಿದರು. ಒಬ್ಬರು ಬಂದರೆ ಇನ್ನೊಬ್ಬರು ಬಂದರು. ಅಕ್ಕನ ಭುಜದ ಹಿಂದೆ ಗುರುತು ಪರಿಚಯವಿಲ್ಲದ ಹತ್ತಾರು ಜನ. ಮದುಮಗ ಉಂಗುರ ತೊಡಿಸುವಾಗ ಬೆರಳು ಸಿಗದೆ ತಡವರಿಸಿದ್ದಕ್ಕೆ ಈ ಬೀದಿಯೆಲ್ಲ ಹೋ ಎಂದಿತು. ಗೇಟಿನ ಸೆಕ್ಯುರಿಟಿಯವನೂ ರಸ್ತೆ ದಾಟಿ ಬಂದಿದ್ದ. ಆ ಕಡೆ ತಂಗಿ, "ಅಕ್ಕ, ಅವರೆಲ್ಲ ಯಾರು?" ಎಂದು ಕೇಳಿದರೆ, "ನಮ್ಮ ಕಡೆಯ ನೆಂಟರು" ಎಂದುಬಿಟ್ಟರು ಅಕ್ಕ.

ಮದುವೆಯಾಗಿ ಒಂದೂವರೆ ವರ್ಷಕ್ಕೆ ತಂಗಿಗೆ ದಿನ ತುಂಬುತ್ತ ಬಂತು. ಈ ಸಲ ಅಕ್ಕ ಚೀಲವಿಲ್ಲದೆ, ಬರಿಗೈಯಲ್ಲಿ, ಫೈಲು ಹಿಡಿದು ರಸ್ತೆ ದಾಟಿದರು. ಜಗಲಿಯಲ್ಲಿ ಗಂಡನನ್ನು ಕೂರಿಸಿದ್ದರು. ಗಾಜಿನಾಚೆ ಅಧಿಕಾರಿ, ಅವರ ಪಕ್ಕದಲ್ಲಿ ಇಬ್ಬರ ಮಾತನ್ನೂ ಅನುವಾದಿಸಿ ಹೇಳುವ ಯುವತಿ. ಆ ಸಂಭಾಷಣೆಯನ್ನು ಅಕ್ಕ ಇವತ್ತಿಗೂ ಎರಡು ದನಿಯಲ್ಲಿ ಆಡಿ ತೋರಿಸುತ್ತಾರೆ.

"ವಾಪಸ್ ಬರೋಕೆ ಇಲ್ಲಿ ನಿಮಗೇನಿದೆ?"

"ಗಂಡ ಇದ್ದಾರೆ."

"ಮಕ್ಕಳು?"

"ಇಲ್ಲ."

"ಸ್ವಂತ ಮನೆ?"

"ಬಾಡಿಗೆ."

"ಕೆಲಸ?"

"ಚೀಲ ನೋಡ್ಕೋತೀನಿ."

"ಯಾರ ಚೀಲ?"

"ನಿಮ್ಮ ಹತ್ತಿರ ಬರೋರ ಚೀಲ."

ಯುವತಿ ಇದನ್ನು ಹೇಗೆ ಅನುವಾದಿಸಿ ಹೇಳಿದಳೋ ಅಕ್ಕನಿಗೆ ತಿಳಿಯಲಿಲ್ಲ. ಅಧಿಕಾರಿ ಹುಬ್ಬು ಗಂಟಿಕ್ಕಿದರು. ಒಂದು ಹಾಳೆ ಗಾಜಿನ ಕೆಳಗಿನಿಂದ ಜಾರಿ ಬಂತು. ನೀವು ಹಿಂದಿರುಗಿ ಬರುತ್ತೀರೆಂಬ ಬಗ್ಗೆ ನಮಗೆ ಮನವರಿಕೆಯಾಗಿಲ್ಲ ಎಂದು ಅದರಲ್ಲಿತ್ತು.

"ವಾಪಸ್ ಬರಲ್ಲ ಅಂದ್ರು ನೋಡಿ," ಎನ್ನುತ್ತ ಅಕ್ಕ ಸೂಜಿಯನ್ನು ಬೆಳಕಿಗೆ ಹಿಡಿಯುತ್ತಾರೆ. "ನಾನು ರಸ್ತೆ ದಾಟಿ ವಾಪಸ್ ಬಂದೆ. ನಮ್ಮೋರ ಮುಂದೆ ಜನ ನಿಂತಿದ್ರು, ಅವರಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ. ಏಳ್ರಿ ಅಂದೆ. ಕೂತ್ಕೊಂಡೆ. ಅವತ್ತು ಸಾಯಂಕಾಲದ ತನಕ ಕೆಲಸ ಇತ್ತು, ಒಳ್ಳೇದಾಯ್ತು."

ಹೆಣ್ಣು ಮಗು ಹುಟ್ಟಿತು. ಮಗು ಚೆನ್ನಾಗಿತ್ತು, ತಂಗಿ ಚೆನ್ನಾಗಿರಲಿಲ್ಲ. ಮೊದಮೊದಲು ನಿದ್ದೆ ಬರುತ್ತಿಲ್ಲ ಎಂದಳು. ಆಮೇಲೆ ಹಸಿವಿಲ್ಲ ಎಂದಳು. ಆಮೇಲೆ ಏನೂ ಹೇಳುವುದನ್ನೇ ಬಿಟ್ಟಳು. ಬಾಣಂತನದಲ್ಲಿ ಕೆಲವರ ಮನಸ್ಸು ಹೀಗೆ ಮಂಕಾಗುತ್ತದೆ, ಔಷಧಿ ಕೊಡುತ್ತಿದ್ದೇವೆ, ನಿಧಾನ ಬೇಕು ಎಂದು ಅಲ್ಲಿನ ವೈದ್ಯರು ಹೇಳಿದ್ದರು. ಬ್ರೆಡ್ಡಿನ ವ್ಯಾನ್ ಓಡಿಸುವ ಅವಳ ಗಂಡನಿಗೆ ಕನ್ನಡದಲ್ಲಿ ಗೊತ್ತಿದ್ದದ್ದು ಒಂದೇ ಪದ. ಅವನು ಫೋನು ಮಾಡಿ, "ಅಕ್ಕ... ಅಕ್ಕ..." ಎನ್ನುತ್ತಿದ್ದ. ಮುಂದೆ ಮಾತು ಹೊಳೆಯದೆ ಫೋನನ್ನು ಹೆಂಡತಿಯ ದಿಂಬಿನ ಪಕ್ಕ ಇಡುತ್ತಿದ್ದ. ಆ ಕಡೆಯಿಂದ ಉಸಿರಾಟದ ಸದ್ದು ಮಾತ್ರ.

ಅಕ್ಕ ಎಷ್ಟೋ ದಿನ ಒಬ್ಬರೇ ಮಾತಾಡಿದರು. ಊಟ ಮಾಡು ಎಂದರು, ಬೈದರು, ಅತ್ತರು. ಒಂದು ದಿನ ತಂಗಿ, "ಏನೂ ಹೇಳ್ಬೇಡಕ್ಕ. ಸುಮ್ಮನೆ ಫೋನ್ ಹಾಗೇ ಇಟ್ಟಿರು" ಎಂದಳು. ಅಂದಿನಿಂದ ಅಕ್ಕ ಹಾಗೇ ಮಾಡಿದರು. ಬೆಳಗ್ಗೆ ಜಗಲಿಗೆ ಬಂದವರೇ ಕರೆ ಹಚ್ಚಿ, ಫೋನನ್ನು ಗುಂಡಿಯ ಭರಣಿಗೆ ಒರಗಿಸಿ ನಿಲ್ಲಿಸುತ್ತಿದ್ದರು. ಇಲ್ಲಿ ಬೆಳಗಾಗುವಾಗ ಅಲ್ಲಿ ಇನ್ನೂ ಇರುಳು. ಕತ್ತಲ ಕೋಣೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದ ತಂಗಿಯ ಕಿವಿಗೆ ಈ ಬೀದಿ ಹರಿಯತೊಡಗಿತು. ಚೀಲದ ಜಿಪ್ಪು ಎಳೆಯುವ ಸದ್ದು, ಭರಣಿಯೊಳಗೆ ಗುಂಡಿ ಕಲಕುವ ಸದ್ದು, ಯಾರದೋ ಕೆಮ್ಮು, ಪೊರಕೆಯ ಸರಸರ, ಚಹಾದವನ ಸೈಕಲ್ ಗಂಟೆ. "ಇದು ಎಲ್ಲಿಡಲಿ?", "ಎಷ್ಟೊತ್ತಾಗಬಹುದು?", "ದೇವರೇ, ಫೋಟೋನೇ ತಂದಿಲ್ಲ!" ಎಂಬ ದನಿಗಳು. ಅವಳು ನಿದ್ದೆ ಹೋದಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅಕ್ಕ ಕರೆ ಕತ್ತರಿಸುತ್ತಿರಲಿಲ್ಲ.

ಹೀಗೇ ವಾರಗಳು ಕಳೆದವು. ಒಂದು ದಿನ ದಪ್ಪನೆಯ ಮನುಷ್ಯನೊಬ್ಬ ಗೇಟಿನ ತಪಾಸಣೆಗೆಂದು ಬೆಲ್ಟು ಬಿಚ್ಚಿಡಲು ಹೋಗಿ ಪ್ಯಾಂಟೇ ಜಾರಿ, ಅವನ ಹೆಂಡತಿ ತಡೆಯಲಾರದೆ ನಕ್ಕಳು. ಸಣ್ಣ ನಗೆಯಲ್ಲ, ಕೋಳಿ ಕೂಗಿದ ಹಾಗೆ ಬೀದಿ ತುಂಬುವ ನಗೆ. ಆಗ ಭರಣಿಯ ಪಕ್ಕದಿಂದ ಒಂದು ದನಿ ಬಂತು.

"ಅಕ್ಕ, ಈಗ ನಕ್ಕೋರು ಯಾರು?"

ಅಕ್ಕನ ಕೈಯ ಸೂಜಿ ಕೆಳಗೆ ಬಿತ್ತು. "ಯಾರೋ ಕಣೇ. ಅವರ ಗಂಡನ ಪ್ಯಾಂಟು ಜಾರ್ತು."

"ಮತ್ತೊಂದು ಸಲ ನಗೋಕೆ ಹೇಳು."

ಅಪರಿಚಿತ ಹೆಂಗಸು ಮತ್ತೊಂದು ಸಲ ನಕ್ಕಳು. ಬೇಕೆಂದು ನಗಲು ಹೋದದ್ದಕ್ಕೆ ಚೆನ್ನಾಗಿ ಬರಲಿಲ್ಲ, ಅದಕ್ಕೇ ನಿಜವಾದ ನಗು ಬಂತು. ಅಕ್ಕ ಅವತ್ತೇ ಮೂರನೆಯ ಅರ್ಜಿ ಹಾಕಿದರು.

ಈ ಸಲ ಗಾಜಿನಾಚೆ ಬೇರೆ ಅಧಿಕಾರಿ. ಯಾಕೆ ಹೋಗುತ್ತೀರಿ ಎಂಬ ಪ್ರಶ್ನೆಗೆ ಅಕ್ಕ, "ತಂಗಿ ಮಾತಾಡ್ತಿಲ್ಲ. ಈಗ ಒಂದು ಸ್ವಲ್ಪ ಶುರು ಮಾಡಿದ್ದಾಳೆ" ಎಂದರು. ಎಷ್ಟು ದಿನ ಇರುತ್ತೀರಿ?

"ಅವಳು ನನ್ನ ಜತೆ ಜಗಳ ಆಡೋ ತನಕ."

ಅನುವಾದಿಸುವ ಯುವತಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳು ಹೇಳಿದ್ದನ್ನು ಕೇಳಿ ಅಧಿಕಾರಿ ಏನನ್ನೋ ಬರೆದುಕೊಂಡರು. ತಿಂಗಳೊಪ್ಪತ್ತಿನಲ್ಲಿ ವೀಸಾ ಬಂತು. ಆ ಉತ್ತರಕ್ಕೇ ಕೊಟ್ಟರೇ ಎಂದು ಕೇಳಿದರೆ ಅಕ್ಕ ತಲೆಯಾಡಿಸುತ್ತಾರೆ. "ಆವತ್ತು ಯಾಕೆ ಕೊಡಲಿಲ್ಲ ಅನ್ನೋದೂ ಗೊತ್ತಿಲ್ಲ, ಈವತ್ತು ಯಾಕೆ ಕೊಟ್ರು ಅನ್ನೋದೂ ಗೊತ್ತಿಲ್ಲ. ಮಳೆ ಬಂದ ಹಾಗೆ. ನಮ್ಮ ಮನೆ ಮೇಲೆ ಬಂತು."

ಆ ದೇಶ ಹೇಗಿತ್ತು ಎಂದರೆ ಅಕ್ಕನ ಮಾತು ಕನಸು ಹೇಳುವವರ ಮಾತಿನ ಹಾಗೆ ನಿಧಾನವಾಗುತ್ತದೆ. ಬೆಳಗ್ಗೆ ಎಂಟಾದರೂ ಬೀದಿಯಲ್ಲಿ ಕತ್ತಲು. ಮರಗಳಿಗೆ ಎಲೆಯಿಲ್ಲ, ಹಿಮ ಬಿದ್ದ ನೆಲದ ಮೇಲೆ ನಡೆದರೆ ನಮ್ಮ ಹೆಜ್ಜೆ ನಮಗೇ ಕೇಳಿಸದು. ತಂಗಿಯ ಗಂಡನ ವ್ಯಾನು ಬಿಸಿ ಬ್ರೆಡ್ಡಿನ ಹಬೆಯಲ್ಲಿ ಮುಳುಗಿ ಬಂದು ನಿಲ್ಲುವುದು. ಬಾಗಿಲು ತೆರೆದದ್ದು ತಂಗಿ. ಮಗುವನ್ನು ಅಕ್ಕನ ಕೈಗಿಟ್ಟು, ಅಕ್ಕನ ಮಡಿಲಿಗೆ ತಲೆಯಿಟ್ಟು, ಮಧ್ಯಾಹ್ನದಿಂದ ಮಾರನೆಯ ಬೆಳಗಿನ ತನಕ ಮಲಗಿದಳು. ಗಂಟುಗಟ್ಟಿದ್ದ ಅವಳ ಕೂದಲನ್ನು ಅಕ್ಕ ದಿನಕ್ಕೊಂದಿಷ್ಟು ಬಿಡಿಸುತ್ತ ಬಂದರು. ಒಂದು ತುದಿಯಿಂದ ಆರಂಭಿಸಿ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ತಂಗಿ ಕಿಟಕಿಯ ಪರದೆ ತಾನೇ ಸರಿಸತೊಡಗಿದ್ದಳು.

"ಒಂದು ದಿನ ತೊಳೆದ ಲೋಟಗಳನ್ನ ಬೋರಲು ಹಾಕಿದ್ದೆ. ಬಂದು ನೋಡಿದ್ಲು. ಎಷ್ಟು ಸಲ ಹೇಳ್ಬೇಕು ನಿಂಗೆ, ಹೀಗಿಟ್ರೆ ವಾಸನೆ ಬರುತ್ತೆ ಅಂತ, ಕೂಗಾಡಿದ್ಲು. ಒಂದು ಸಲಾನೂ ಹೇಳಿರಲಿಲ್ಲ! ನಾನೂ ಬಿಡಲಿಲ್ಲ. ಇಬ್ಬರೂ ಚೆನ್ನಾಗಿ ಜಗಳ ಆಡಿದ್ವಿ. ಅವಳ ಗಂಡ ಪಾಪ, ಅಕ್ಕ ಅಕ್ಕ ಅಂತ ಮಧ್ಯ ನಿಂತಿದ್ದ." ಹೇಳುತ್ತ ಅಕ್ಕ ಕಣ್ಣೊರೆಸಿಕೊಳ್ಳುತ್ತಾರೆ, ನಗುತ್ತಲೇ. "ಆ ರಾತ್ರಿ ನನಗೆ ನೆಮ್ಮದಿಯಾಗಿ ನಿದ್ದೆ ಬಂತು."

ಊರು ತೋರಿಸಲು ತಂಗಿ ಅವರನ್ನು ದೊಡ್ಡ ರೈಲು ನಿಲ್ದಾಣಕ್ಕೆ ಕರೆದೊಯ್ದಿದ್ದಳು. ಅಲ್ಲಿ ಪ್ರಯಾಣಿಕರ ಚೀಲ ಇಡಲೆಂದೇ ಗೋಡೆಯುದ್ದ ಕಬ್ಬಿಣದ ಕಪಾಟುಗಳು. ಅಕ್ಕ ಅವುಗಳ ಮುಂದೆ ತುಂಬ ಹೊತ್ತು ನಿಂತರಂತೆ. "ಭದ್ರವಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಯಾರೂ ಇಲ್ಲ. ಚೀಲ ಇಟ್ಟು ಯಾರಿಗೆ ಹೇಳಿ ಹೋಗೋದು? ಬಂದ ಮೇಲೆ ಹೋದ ಕೆಲಸ ಏನಾಯ್ತು ಅಂತ ಕೇಳೋರು ಯಾರು?"

ಇತ್ತ ಜಗಲಿಯಲ್ಲಿ ಗಂಡ ಗುಂಡಿಯ ಸಹವಾಸವೇ ಬೇಡವೆಂದು, ಮರಕ್ಕೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಎಲ್ಲರ ಚೀಲದ ಮೇಲೂ ದಪ್ಪಗೆ ಅಂಕಿ ಬರೆದಿದ್ದರು. ಚರ್ಮದ ಕರಿ ಚೀಲದ ಮೇಲೆ ಅಂಗೈಯಗಲದ ಅಂಕಿ ಕಂಡ ಒಬ್ಬಾಕೆ ಹೌಹಾರಿದ್ದಳು. "ಒರೆಸಿದ್ರೆ ಹೋಗುತ್ತಮ್ಮ ಅಂದೆ. ಒರೆಸಿದೆ, ಇನ್ನೂ ಹರಡ್ತು," ಎಂದು ಅವರು ತಮ್ಮ ಪಾಡಿಗೆ ಹೇಳಿಕೊಳ್ಳುತ್ತಾರೆ.

ಅಕ್ಕ ಮರಳಿ ಬಂದದ್ದು ವೀಸಾದ ಅವಧಿ ಮುಗಿಯುವುದಕ್ಕೆ ಎಷ್ಟೋ ಮುಂಚೆ. ಬಂದ ಮಾರನೆಯ ಬೆಳಗ್ಗೆ ಜಗಲಿ ಗುಡಿಸಿದರು. ಎದುರಿನ ಗೇಟಿನತ್ತ ಒಮ್ಮೆ ನೋಡಿದರು. "ವಾಪಸ್ ಬರ್ತೀಯಾ, ಬರ್ತೀಯಾ ಅಂತ ಅಷ್ಟು ಕೇಳಿದ್ರಲ್ಲ. ಬಂದ ಮೇಲೆ, ಬಂದ್ಯಾ ಅಂತ ಯಾರೂ ಕೇಳಲಿಲ್ಲ. ಆ ಸೆಕ್ಯುರಿಟಿಯವನೊಬ್ಬ ಕೈ ಎತ್ತಿದ."

ಈಗ ತಂಗಿ ಅರ್ಧ ದಿನ ಕೆಲಸಕ್ಕೆ ಹೋಗುತ್ತಾಳೆ. ಮಗು ಫೋನಿನಲ್ಲಿ ಜಗಲಿಯ ಸದ್ದು ಕೇಳಿದರೆ ಕೈ ಬಡಿಯುತ್ತದಂತೆ.

ಬಿಸಿಲು ನೆತ್ತಿಗೆ ಬರುತ್ತಿದೆ. ಒಳಗೆ ಹೋದವರು ಒಬ್ಬೊಬ್ಬರಾಗಿ ಹೊರಬರುತ್ತಿದ್ದಾರೆ. ಮುಖ ನೋಡಿ ಫಲಿತಾಂಶ ಹೇಳಬಹುದೇ ಎಂದರೆ ಅಕ್ಕ, "ಆಗಲ್ಲ. ಸಿಕ್ಕೋರೂ ಅಳ್ತಾರೆ, ಸಿಗದೋರೂ ನಗ್ತಾರೆ" ಎನ್ನುತ್ತಾರೆ. ಲ್ಯಾಪ್‌ಟಾಪಿನ ಯುವಕನೂ ಬಂದಿದ್ದಾನೆ. ಚೀಲ ಪಡೆದವನು ಹೊರಡುವುದಿಲ್ಲ, ಜಗಲಿಯ ಅಂಚಿನಲ್ಲಿ ಕೂತು ಮುಂದಕ್ಕೆ ಬಾಗುತ್ತಾನೆ. ಮೊಣಕೈ ತೊಡೆಯ ಮೇಲೆ, ಕಣ್ಣು ರಸ್ತೆಯ ಮೇಲೆ. ಅಕ್ಕ ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟು ಏಳುತ್ತಾರೆ. ಒಂದು ಲೋಟ ನೀರು ತಂದು ಪಕ್ಕದಲ್ಲಿಡುತ್ತಾರೆ.

ಇನ್ನು ಏನಾದರೂ ಆಸೆ ಇದೆಯೇ ಎಂಬ ಪ್ರಶ್ನೆಗೆ ಅವರು ಆ ಯುವಕನ ಕಡೆಗೇ ನೋಡುತ್ತಾರೆ. "ಒಂದು ಬೆಂಚು. ಬರೀ ಹಲಗೆ ಅಲ್ಲ, ಬೆನ್ನಿರೋದು. ಒಳಗಿಂದ ಬಂದೋರಿಗೆ ಒಂದಷ್ಟು ಹೊತ್ತು ಒರಗೋಕೆ ಬೇಕು. ನಮ್ಮೋರು ಮರ ತಂದಿದ್ದಾರೆ."

ಮರ ಜಗಲಿಯ ಮೂಲೆಯಲ್ಲೇ ಇದೆ, ಅರ್ಧ ಕೆತ್ತಿದ್ದು. ಗಂಡ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಕೂತಿರುವ ಯುವಕನ ಬೆನ್ನ ಹಿಂದೆ ಸದ್ದಿಲ್ಲದೆ ಹಲಗೆಯೊಂದನ್ನು ಹಿಡಿದು ಅಳತೆ ನೋಡುತ್ತಾರೆ. ಭುಜದ ಮಟ್ಟಕ್ಕೆ ಗೆರೆ ಎಳೆಯಲು ಹೊರಟವರನ್ನು ಅಕ್ಕ ಕೈಸನ್ನೆಯಲ್ಲೇ ತಡೆಯುತ್ತಾರೆ.

"ಇನ್ನೂ ಸ್ವಲ್ಪ ಎತ್ತರ ಇರಲಿ ರೀ," ಎನ್ನುತ್ತಾರೆ ಮೆಲ್ಲಗೆ. "ತಲೇನೂ ಒರಗಲಿ."